ಸಮುದ್ರದ ಜ್ವರ ನೋಡುವ ಭಾವ

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಅದನ್ನು ನನ್ನ ಅಕ್ಕನೇ, ಅಂದರೆ ಅವರ ಧರ್ಮಪತ್ನಿಯೇ, ದೋಹಾದ ಕನ್ನಡಿಗರಿಗೆಲ್ಲ ಹೇಳಿ ಮುಗಿಸಿದ್ದಾಳೆ! ನಾನು ಹೇಳುವುದಿಷ್ಟೇ: ಈ ಮರಳುಗಾಡಿನಲ್ಲಿ ಕೂತು, ಉತ್ತರದ ಯಾವುದೋ ಚಳಿ ದ್ವೀಪದ ಸೀಲ್‌ಗಳ ಬಸಿರು ಬಾಣಂತನದ ಚಿಂತೆ ಮಾಡುವ ಮೈಸೂರಿನವರು ಇನ್ನೊಬ್ಬರಿದ್ದರೆ ತೋರಿಸಿ, ಅವರಿಗೆ ಹೋಳಿಗೆ ಊಟ ಹಾಕಿಸುತ್ತೇನೆ.

ಸೀಲ್ ಗೊತ್ತಲ್ಲ? ನಾಯಿಯ ಮುಖ, ಮೀನಿನ ಬಾಲ, ಬಂಡೆಯ ಮೇಲೆ ದಿಂಬಿನ ಹಾಗೆ ಬಿದ್ದುಕೊಂಡಿರುವ ಪ್ರಾಣಿ. ಕತಾರಿನ ಸಮುದ್ರದಲ್ಲಿ ಅದು ಇಲ್ಲವೇ ಇಲ್ಲ! ಭಾವ ರಾಸ್ ಲಫಾನಿನ ಒಂದು ಗ್ಯಾಸ್ ಪ್ಲಾಂಟಿನಲ್ಲಿ ಇಂಜಿನಿಯರ್. ಯಂತ್ರಗಳನ್ನು ತಣಿಸಲು ಒಳಗೆ ಬರುವ ಸಮುದ್ರದ ನೀರು ಎಷ್ಟು ಬಿಸಿಯಾಗಿದೆ ಎಂದು ನೋಡಿಕೊಳ್ಳುವುದು ಅವರ ಕೆಲಸ. ಅಲ್ಲಿಯವರೆಗೆ ಸರಿ. ಆದರೆ ಹೆಚ್ಚು ಕಡಿಮೆ ಒಂದು ವರ್ಷದಿಂದ ಹೊಟ್ಟೆಪಾಡು ಹುಚ್ಚಾಗಿ ಬೆಳೆದಿದೆ. ಆ ದ್ವೀಪದ ಬಂಡೆಗಳ ಮೇಲೆ ಯಾರೋ ಕ್ಯಾಮೆರಾ ಇಟ್ಟಿದ್ದಾರೆ. ಭಾವನ ಫೋನಿನಲ್ಲಿ ಅದು ಸದಾ ಲೈವ್. ಊಟಕ್ಕೆ ಕೂತವರು, "ಅಲ್ಲಿ ನೀರು ಕಾದಿದೆ ಕಣೇ" ಎಂದು ನಿಟ್ಟುಸಿರು ಬಿಟ್ಟರೆ ಅಕ್ಕ, "ಇಲ್ಲಿ ಸಾರೂ ಕಾದಿದೆ, ಬಡಿಸ್ಲಾ?" ಎನ್ನುತ್ತಾಳೆ.

ಬಸಿರು ಎಂಬ ಪದ ಬರೆಯುವಾಗ ನನ್ನ ಕೈ ಈಗಲೂ ಒಂದು ಕ್ಷಣ ನಿಲ್ಲುತ್ತದೆ. ಕಳೆದ ವರ್ಷ ನನಗೆ ಮೂರು ತಿಂಗಳ ಬಸಿರು ಹೋಯಿತು. ಕಾರಣ ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ಆದರೆ ನಮ್ಮ ಜನ ಬಿಡುತ್ತಾರೆಯೇ? ಪಪ್ಪಾಯಿ ತಿಂದೆಯಾ? ಏಸಿ ಗಾಳಿಗೆ ಮಲಗಿದೆಯಾ? ಅಲ್ ಹಿಲಾಲಿನ ನಿಮ್ಮ ಮನೆಗೆ ಲಿಫ್ಟ್ ಇಲ್ಲವಂತಲ್ಲ, ಮೆಟ್ಟಿಲು ಹತ್ತಿದೆಯಾ? ಹತ್ತದೆ ಹಾರಿಕೊಂಡು ಹೋಗಬೇಕಿತ್ತೇನೋ! ಕೇಳಿ ಕೇಳಿ, ತಪ್ಪು ನನ್ನದೇ ಎಂದು ನಾನೂ ನಂಬಿದೆ. ಅರಿಶಿನ ಕುಂಕುಮಕ್ಕೆ ಯಾರು ಕರೆದರೂ ತಲೆನೋವು ಎನ್ನುತ್ತಿದ್ದೆ.

ಭಾವನ ಜೇಬಿನಲ್ಲಿ ದಾರ ಕಟ್ಟಿದ ಒಂದು ಥರ್ಮಾಮೀಟರ್ ಇರುತ್ತದೆ. ಒಂದು ಶುಕ್ರವಾರ ವಕ್ರಾ ಬೀಚಿಗೆ ಹೋಗಿದ್ದೆವು. ಎಲ್ಲರೂ ಚಾಪೆ ಹಾಸಿ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದರೆ ಇವರು ಪ್ಯಾಂಟು ಮಡಚಿಕೊಂಡು ಮೊಣಕಾಲುದ್ದ ನೀರಿಗಿಳಿದು ದಾರ ಬಿಟ್ಟರು. ಆಮೇಲೆ ದಡದವರಿಗೆಲ್ಲ ಕೇಳುವಂತೆ, "ಇದೇನು ಸಮುದ್ರವೋ, ಎಣ್ಣೆಸ್ನಾನದ ಹಂಡೆಯೋ? ಬಸುರಿ ಹೆಂಗಸು ಇದರಲ್ಲಿ ಎಲ್ಲಿ ಈಜಿ, ಏನು ತಿಂದು ಬದುಕ್ಬೇಕು?" ಎಂದು ಕೂಗಿದರು. ಸುತ್ತಲಿದ್ದ ಹೆಂಗಸರು ನನ್ನನ್ನೂ ಅಕ್ಕನನ್ನೂ ಮೇಲಿಂದ ಕೆಳಗೆ ನೋಡಿದರು. ನಮ್ಮ ಯಜಮಾನರು ಭಾವನ ಪರಿಚಯವೇ ಇಲ್ಲದವರ ಹಾಗೆ ಆ ಕಡೆ ತಿರುಗಿ ಚಿತ್ರಾನ್ನ ತಿಂದರು.

ಇನ್ನೊಂದು ದಿನ, ಹುಟ್ಟಾ ಸಸ್ಯಾಹಾರಿಯಾದ ಭಾವ ಮೀನು ಮಾರ್ಕೆಟ್ಟಿಗೆ ಹೋಗಿ ಉಳ್ಳಾಲದ ವ್ಯಾಪಾರಿಯೊಬ್ಬರನ್ನು ವಿಚಾರಿಸತೊಡಗಿದರು. ಬೇಸಿಗೆಯಲ್ಲಿ ಮೀನು ಆಳಕ್ಕೆ ಹೋಗುತ್ತದೆಯೇ? ಸಿಕ್ಕಿದ್ದು ಬಡಕಲಾಗಿರುತ್ತದೆಯೇ? ಆ ಪುಣ್ಯಾತ್ಮ ಬಹಳ ಹೊತ್ತು ಉತ್ತರ ಕೊಟ್ಟು ಕೊನೆಗೆ ಕೈಮುಗಿದರು.

"ಅಲ್ಲ ಮಾರಾಯ್ರೆ, ನೀವು ಮೀನು ತಿನ್ನುವುದಿಲ್ಲ, ತೆಗೊಳ್ಳುವುದೂ ಇಲ್ಲ. ಮತ್ತೆ ಅದರ ಕ್ಷೇಮಸಮಾಚಾರ ನಿಮಗೆ ಯಾಕೆ?"

"ತಿನ್ನೋರು ಬೇರೆ ಇದ್ದಾರೆ ಸ್ವಾಮಿ, ಪಾಪ, ಬಹಳ ದೂರದಲ್ಲಿ" ಎಂದರಂತೆ ಭಾವ!

ಆ ದೂರದವರಲ್ಲಿ ಒಬ್ಬಳ ಮೇಲೆ ಅವರಿಗೆ ವಿಶೇಷ ಅಕ್ಕರೆ. ಕತ್ತಿನಲ್ಲಿ ಬಿಳಿ ಮಚ್ಚೆಯಿರುವ ಹೆಣ್ಣು ಸೀಲ್. ಕಳೆದ ವರ್ಷ ಬೇರೆ ತಾಯಂದಿರು ಮರಿಗಳ ಜೊತೆ ಬಿದ್ದುಕೊಂಡಿದ್ದಾಗ ಅವಳೊಬ್ಬಳೇ ಖಾಲಿ ಬಂಡೆಯ ಮೇಲೆ ಇದ್ದಳಂತೆ. ಅದನ್ನು ಭಾವ ಹೇಳಿದಾಗ ನಾನು ಎದ್ದು ಬಾಲ್ಕನಿಗೆ ಹೋಗಿಬಿಟ್ಟಿದ್ದೆ.

ಈ ಸಲ ದಸರೆಗೆ ಬಿನ್ ಒಮ್ರಾನ್ ಬಡಾವಣೆಯ ತಮ್ಮ ಮನೆಯಲ್ಲಿ ಅಕ್ಕ ಗೊಂಬೆ ಕೂರಿಸಿದಳು. "ನೀನು ಬರ್ಲಿಲ್ಲ ಅಂದ್ರೆ ಗೊಂಬೆನೆಲ್ಲ ಎತ್ತಿಟ್ಟುಬಿಡ್ತೀನಿ ನೋಡು" ಎಂದಳು. ಹೋದೆ. ಹೋಗಿ ನೋಡಿದರೆ, ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ ರಾಣಿಯ ಪಕ್ಕದಲ್ಲಿ ಬೂದು ಬಣ್ಣದ ಸೀಲ್ ಬೊಂಬೆ! ಹಣೆಗೆ ಕುಂಕುಮ ಬೇರೆ! ಅಕ್ಕ ಹಣೆ ಚಚ್ಚಿಕೊಂಡಳು: "ತೆಗೆದಿಟ್ಟಷ್ಟೂ ಸಲ ಮತ್ತೆ ಹತ್ತಿ ಕೂತಿರುತ್ತೆ ಕಣೇ, ಏನ್ಮಾಡ್ಲಿ?"

ಹೆಂಗಸರೆಲ್ಲ ನಗುತ್ತಿರುವಾಗ, ಮಗನ ಮನೆಗೆ ಮೈಸೂರಿನಿಂದ ಬಂದಿದ್ದ ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಏನಮ್ಮಾ, ಇನ್ನೂ ಏನೂ ವಿಶೇಷ ಇಲ್ವಾ? ಹೋದ ಸಲ ಅಷ್ಟೊಂದು ಮೆಟ್ಟಿಲು ಹತ್ತಬಾರದಿತ್ತು. ಹೆಣ್ಣು ಹುಷಾರಾಗಿರ್ಬೇಕು."

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆಗ ಕಡಲೆ ಉಸ್ಲಿಯ ಪಾತ್ರೆ ಹಿಡಿದು ಭಾವ ನಡುವೆ ಬಂದು ನಿಂತರು.

"ಅಮ್ಮಾ, ಆ ಗೊಂಬೆ ಯಾಕಿಟ್ಟಿದ್ದೀನಿ ಗೊತ್ತಾ? ಸಮುದ್ರ ಕಾದ ವರ್ಷ ಮೀನೆಲ್ಲ ತಂಪು ಹುಡುಕ್ಕೊಂಡು ದೂರ ಹೋಗಿಬಿಡುತ್ತೆ. ಇವಳು ಎಷ್ಟು ಈಜಿದ್ರೂ ಹೊಟ್ಟೆ ತುಂಬಲ್ಲ. ಮರಿ ಹುಟ್ಟಿದ್ಮೇಲೆ ಉಪವಾಸ ಇದ್ದು, ಮೈಯ ಕೊಬ್ಬನ್ನೇ ಹಾಲು ಮಾಡಿ ಕುಡಿಸ್ಬೇಕು ಇವಳು. ಅಷ್ಟು ಮೈ ಕೂಡಲಿಲ್ಲ ಅಂದ್ರೆ ಕೆಲವರಿಗೆ ಆ ವರ್ಷ ಬಸಿರು ನಿಲ್ಲಲ್ಲ. ಅವರೇನು ಮೆಟ್ಟಿಲು ಹತ್ತಿದ್ರಾ? ಪಪ್ಪಾಯಿ ತಿಂದ್ರಾ?"

ಯಾರೋ ಕಿಸಕ್ಕೆಂದರು. ಭಾವ ನಗಲಿಲ್ಲ.

"ನೀರು ಕಾದಿತ್ತು, ಅಷ್ಟೇ. ನೀನು ಹುಷಾರಾಗಿರ್ಬೇಕಿತ್ತು ಅಂತ ಯಾವ ಸೀಲೂ ಇನ್ನೊಂದು ಸೀಲಿಗೆ ಹೇಳಲ್ಲಮ್ಮ. ಖಲಾಸ್. ಉಸ್ಲಿ ತಗೊಳ್ಳಿ."

ಅಜ್ಜಿ ನನ್ನ ಕೈ ಬಿಟ್ಟರು. ಉಸ್ಲಿ ಬಾಯಿಗೆ ಹಾಕಿಕೊಂಡು, "ಉಪ್ಪು ಕಮ್ಮಿ" ಎಂದರು.

ನಾನು ಅಡುಗೆಮನೆಗೆ ಓಡಿದೆ. ಅಕ್ಕ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದಳು. "ನಿನ್ನನ್ನ ಆಸ್ಪತ್ರೆಯಿಂದ ಕರ್ಕೊಂಡು ಬಂದ ದಿನ ಇವ್ರು ನಿನಗೇನೋ ಹೇಳ್ಬೇಕು ಅಂತ ನಿಮ್ಮ ಬಾಗಿಲ ಹತ್ರ ನಿಂತೇ ಇದ್ರು. ಬಾಯೇ ಬರ್ಲಿಲ್ಲ. ನಾದಿನಿ ಹತ್ರ ಇಂಥದ್ದು ಹೇಗೆ ಮಾತಾಡೋದು ಅಂತ ಮನೆಗೆ ಬಂದು ಫೋನಲ್ಲಿ ಏನೇನೋ ಹುಡುಕ್ತಾ ಕೂತ್ರು. ಆ ಹಾಳು ಸೀಲು ಸಿಕ್ಕಿದ್ದು ಅವತ್ತೇ ಕಣೇ."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಭಾವ ಬಂದರು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಉಸ್ಲಿಯ ಬಟ್ಟಲು. ನನ್ನ ಮುಖ ನೋಡಲು ಸಂಕೋಚಪಟ್ಟುಕೊಂಡು ಫೋನನ್ನೇ ಮುಂದೆ ಹಿಡಿದರು.

"ನೋಡಿಲ್ಲಿ. ಬಿಳಿ ಮಚ್ಚೆಯವಳು. ಅದೇ ಬಂಡೆಗೆ ವಾಪಸ್ ಬಂದಿದ್ದಾಳೆ."

"ಈ ಸಲ ಬಸುರಿಯಾ ಭಾವ?"

"ಗೊತ್ತಿಲ್ಲ ಕಣಮ್ಮಾ. ಬಂದಿದ್ದಾಳಲ್ಲ." ಬಟ್ಟಲನ್ನು ನನ್ನ ಕೈಗಿಟ್ಟರು. "ನೀನೂ ಬಂದಿದ್ದೀಯಲ್ಲ. ತಿನ್ನು ಮೊದ್ಲು."

ತಿಂದೆ. ಅಜ್ಜಿ ಉಪ್ಪು ಕಮ್ಮಿ ಎಂದಿದ್ದರಲ್ಲ? ನನ್ನ ಬಟ್ಟಲಿನಲ್ಲಿ ಸರಿಯಾಗಿತ್ತು.