ಕಾರಣ: ಸೆಕ್ರೆಟರಿ ಹೇಳಿದ್ರು

ಶಾಂತಮಲ್ಲಪ್ಪ: ಅಳಿಸ್ಬುಡಮ್ಮಿ ಅಂದ್ರೆ ಅಳಿಸ್ಬುಡು! ಎಷ್ಟ್ ಸಲ ಯೋಳ್ಬೇಕು ನಿಂಗೆ?

ಶಿವರಂಜಿನಿ: ಅಳಿಸಕ್ಕೆ ಆಗಲ್ಲ ಸಾ. ಬೇಕಾದ್ರೆ ಮೇಲೆ ಇನ್ನೊಂದು ಬರೀಬೌದು. ಕೆಳಗಿರೋದು ಅಂಗೇ ಇರ್ತದೆ.

ಶಾಂತಮಲ್ಲಪ್ಪ: ನಾನ್ ಇಸ್ಕೂಲಲ್ಲಿ ಇದ್ದಾಗ ಸ್ಲೇಟಿಗೆ ಎಂಜ್ಲಚ್ಚಿ ಒರಸ್ತಿದ್ದೆ. ಇಷ್ಟ್ ದೊಡ್ ಕಂಪ್ಯೂಟ್ರಲ್ಲಿ ಮೂರ್ ಗೆರೆ ಒರ್ಸಾಕ್ ಆಗಲ್ವಾ?

ಶಿವರಂಜಿನಿ: ಯಾರೂ ಒರಸ್ಬಾರ್ದು ಅಂತ್ಲೇ ಅಲ್ವಾ ಸಾ ಇದನ್ನ ತಂದಿದ್ದು.

ಮಧ್ಯಾಹ್ನ ಒಂದೂವರೆ. ಗುಂಡ್ಲುಪೇಟೆಯ ಹೊನ್ನಕೊಂಬು ಅರಿಶಿನ ಬೆಳೆಗಾರರ ಸಂಘದ ಕಂಪ್ಯೂಟರ್ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೂ ಸೆಕ್ರೆಟರಿ ಶಾಂತಮಲ್ಲಪ್ಪನವರ ಬೆನ್ನು ಒದ್ದೆಯಾಗಿತ್ತು. ಬೆಳಿಗ್ಗೆ ಚಾಮರಾಜನಗರದಿಂದ ಫೋನು ಬಂದಿತ್ತು. ಇನ್‌ಸ್ಪೆಕ್ಷನ್ ಮೇಡಂ ಮೂರು ಗಂಟೆಗೆ ಬರುತ್ತಾರೆ, ಸರದಿ ಪಟ್ಟಿ ನೋಡುತ್ತಾರೆ. ಮೊದಲಾದರೆ ಮೈಸೂರಿನಿಂದ ಸಾಹೇಬರು ಬರಬೇಕಿತ್ತು. ಬರುವ ಸುದ್ದಿ ಹದಿನೈದು ದಿನ ಮುಂಚೆಯೇ ಮುಟ್ಟುತ್ತಿತ್ತು, ಅಷ್ಟರೊಳಗೆ ಗೋಡೆಗೂ ಕಡತಕ್ಕೂ ಸುಣ್ಣ ಬಳಿದು ಮುಗಿಸಬಹುದಿತ್ತು. ಚಾಮರಾಜನಗರ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಈಗ ಒಂದು ಬಸ್ಸು ಹತ್ತಿದರೆ ಮೇಡಂ ಇಲ್ಲಿರುತ್ತಾರೆ. ಜಿಲ್ಲೆ ಬೇಕೇ ಬೇಕು ಎಂದು ಮೆರವಣಿಗೆಯ ಮುಂದೆ ನಿಂತು ಗಂಟಲು ಹರಿದುಕೊಂಡವರಲ್ಲಿ ಶಾಂತಮಲ್ಲಪ್ಪನವರೂ ಒಬ್ಬರು ಎಂಬುದನ್ನು ಇಲ್ಲಿ ಯಾರೂ ನೆನಪಿಸದಿರುವುದೇ ಒಳ್ಳೆಯದು.

ವಿಷಯ ಇಷ್ಟೇ. ಬೇಯಿಸಿ ಒಣಗಿಸಿದ ಅರಿಶಿನವನ್ನು ಪಾಲಿಶ್ ಮಾಡುವ ಡ್ರಮ್ಮು ಸಂಘದಲ್ಲಿ ಒಂದೇ ಒಂದು. ಯಾರು ಮೊದಲು ಅರ್ಜಿ ಹಾಕಿದರೋ ಅವರಿಗೆ ಮೊದಲ ಸರದಿ. ಆ ಪಟ್ಟಿಯನ್ನು ಮಾಡುವುದು ಕಂಪ್ಯೂಟರಿನ ಒಂದು ಪ್ರೋಗ್ರಾಮು. ಬಸವಮ್ಮ ಎಂಬ ರೈತಾಪಿ ಹೆಂಗಸು ಜನವರಿಯಲ್ಲೇ ಅರ್ಜಿ ಹಾಕಿ, ಮಾರ್ಚಿ ಬಂದರೂ ಅಂಗಳದಲ್ಲಿ ತನ್ನ ಮೂಟೆಗಳ ಮೇಲೆಯೇ ಕೂತಿದ್ದಳು. ಫೆಬ್ರವರಿಯಲ್ಲಿ ಅರ್ಜಿ ಹಾಕಿದ ಭೀಮನಬೀಡಿನ ರಾಜಶೇಖರನ ಅರಿಶಿನ ಮಾತ್ರ ಮಾರನೆಯ ದಿನವೇ ಹೊಳೆಯುತ್ತ ಹೊರಗೆ ಬಂತು. ರಾಜಶೇಖರ ಶಾಂತಮಲ್ಲಪ್ಪನವರ ಬಾಮೈದ. ಬಸವಮ್ಮ ನೇರ ಚಾಮರಾಜನಗರಕ್ಕೆ ಹೋಗಿ ದೂರು ಬರೆಸಿ ಕೊಟ್ಟಿದ್ದಳು.

ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಶಾಂತಮಲ್ಲಪ್ಪನವರು ಒಂದೇ ಒಂದು ಆದೇಶವನ್ನೂ ಕಾಗದದ ಮೇಲೆ ಕೊಟ್ಟವರಲ್ಲ. 'ಮಾತು ಗಾಳೀಗೋಯ್ತದೆ, ಕಾಗ್ದ ಕೋರ್ಟಿಗೋಯ್ತದೆ' ಎಂಬುದು ಅವರು ಕಂಡುಕೊಂಡಿದ್ದ ವೇದಾಂತ. ಆ ವೇದಾಂತಕ್ಕೆ ಇವತ್ತು ಕುತ್ತು ಬಂದಿತ್ತು.

ಶಾಂತಮಲ್ಲಪ್ಪ: ಏನ್ ಬರ್ದದೆ ಅಲ್ಲಿ, ಓದು ಮತ್ತೆ. ಮೆಲ್ಲುಗ್ ಓದು.

ಶಿವರಂಜಿನಿ: 'ಒಂದು ಪಾಯಿಂಟ್ ನಾಕು. ಫೆಬ್ರವರಿ ಒಂಬತ್ತು. ರಾಜಶೇಖರ್ ಅರ್ಜಿ ಮೊದಲು ಬರುವ ಹಾಗೆ ಮಾಡಿದೆ. ಕಾರಣ: ಸೆಕ್ರೆಟರಿ ಹೇಳಿದ್ರು.'

ಶಾಂತಮಲ್ಲಪ್ಪ: ಮುಂದ್ಕೆ?

ಶಿವರಂಜಿನಿ: 'ಒಂದು ಪಾಯಿಂಟ್ ಐದು. ರಾಜಶೇಖರ್ ಮೂಟೆ ಎರಡನೇ ಸಲವೂ ಮೊದಲು. ಕಾರಣ: ಸೆಕ್ರೆಟರಿ ಮತ್ತೆ ಹೇಳಿದ್ರು.' 'ಒಂದು ಪಾಯಿಂಟ್ ಆರು. ಬಸವಮ್ಮನ ಅರ್ಜಿ ಕಡೆಗೆ. ಕಾರಣ: ಸೆಕ್ರೆಟರಿ ಫೋನಲ್ಲಿ ಹೇಳಿದ್ರು.'

ಪುಟ್ಟಮಾದಯ್ಯ: ಆ ಫೋನ್ ಎತ್ತಿದ್ದು ನಾನೇಯ ಸಾ.

ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ ಅಟೆಂಡರ್ ಪುಟ್ಟಮಾದಯ್ಯನಿಗೆ ರಿಟೈರಾಗಲು ಇನ್ನು ಎಂಟು ತಿಂಗಳು. ಹಾಗಾಗಿ ಅವನು ಯಾರಿಗೂ ಹೆದರುವ ಗೋಜಿಗೆ ಹೋಗುತ್ತಿರಲಿಲ್ಲ.

ಶಾಂತಮಲ್ಲಪ್ಪ: ನೀ ಸುಮ್ಕಿರ್ಲಾ! ಅಲ್ಲಾ ಕಣಮ್ಮಿ, ಕಾರ್ಣ ಬರಿ ಅಂತ ನಿಂಗ್ಯಾರ್ ಯೋಳಿದ್ರು?

ಶಿವರಂಜಿನಿ: ಇದೇ ಕೇಳ್ತದೆ ಸಾ. ಸೋರ್ಸ್ ಫೈಲನ್ನ, ಅಂದ್ರೆ ಪ್ರೋಗ್ರಾಮಿನ ಮೂಲ ಬರಹಾನ, ಇದು ಪೆಟ್ಟಿಗೇಲಿಟ್ಟು ಬೀಗ ಹಾಕಿರ್ತದೆ. ತಿದ್ದಬೇಕು ಅಂದ್ರೆ ಹೊರಕ್ಕೆ ತಗೋಬೇಕು. ತಿದ್ದಿ ವಾಪಸ್ ಇಡುವಾಗ ಯಾರು, ಯಾವತ್ತು, ಯಾಕೆ, ಮೂರೂ ಹೇಳ್ಬೇಕು. ಒಂದೊಂದು ತಿದ್ದುಪಡಿಗೂ ಒಂದು ಪಾಯಿಂಟ್ ನಾಕು, ಐದು ಅಂತ ನಂಬರ್ ಬೀಳ್ತದೆ, ಹಳೇದು ಒಂದು ಅಕ್ಷರವೂ ಕಳೆಯಲ್ಲ.

ಶಾಂತಮಲ್ಲಪ್ಪ: ಯಾಕೆ ಅಂದ್ರೆ ಏನಾರ ಒಳ್ಳೇದ್ ಬರೀಬಾರ್ದಾ? ಕರೆಂಟಿರ್ಲಿಲ್ಲ, ಮೋಡ ಆಗಿತ್ತು, ಆನೆ ಬಂದಿತ್ತು... ಬಂಡೀಪುರ ಪಕ್ಕದಲ್ಲೇ ಅದೆ, ಯಾರ್ ಬ್ಯಾಡ ಅಂತಾರೆ?

ಶಿವರಂಜಿನಿ: ನಿಮ್ಮನ್ನೇ ಕೇಳ್ದೆ ಸಾ, ಏನ್ ಕಾರಣ ಬರೀಲಿ ಅಂತ. 'ನಾನ್ ಯೋಳ್ದೆ ಅಲ್ವಾ, ಅದೇ ಕಾರ್ಣ' ಅಂದ್ರಿ. ಅದನ್ನೇ ಬರ್ದೆ.

ಪುಟ್ಟಮಾದಯ್ಯ: ಅದೂ ದಿಟವೇ ಸಾ. ನಾನ್ ಟೀ ತಂದಿದ್ದೆ ಆಗ.

ಶಾಂತಮಲ್ಲಪ್ಪನವರು ಪುಟ್ಟಮಾದಯ್ಯನ ಕಡೆ ತಿರುಗಿದ ರೀತಿಗೆ ಬೇರೆ ಯಾರಾದರೂ ಆಗಿದ್ದರೆ ಎದ್ದು ಆಚೆ ಹೋಗುತ್ತಿದ್ದರು. ಅವನು ಸ್ಟೂಲನ್ನು ಇನ್ನೂ ಸ್ವಲ್ಪ ಒಳಕ್ಕೆ ಎಳೆದುಕೊಂಡ.

ಶಾಂತಮಲ್ಲಪ್ಪ: ಸರಿ ಬುಡು. ಯೋಳಿದ್ದು ನಾನೇ ಅಂತ ಇಟ್ಕೊ. ಮಾಡಿದ್ದು ನೀನು ಅಲ್ವಾ? ಮಾಡ್ದೋರ್ ಎಸ್ರೂ ಇರ್ಬೇಕಲ್ಲ. ಯೋಳ್ದೋನ್ಗಿಂತ ಮಾಡ್ದೋನೇ ತಪ್ಪಸ್ಥ.

ಶಿವರಂಜಿನಿ: ಮಾಡಿದವರ ಹೆಸರೂ ಅದೆ ಸಾ. 'ಶಾಂತಮಲ್ಲಪ್ಪ.'

ಶಾಂತಮಲ್ಲಪ್ಪ: ಆಂ? ನಾನ್ ಯಾವತ್ ಈ ಗುಂಡಿ ಒತ್ತಿವ್ನಿ?

ಶಿವರಂಜಿನಿ: ಮೈಸೂರಿಂದ ಇಂಜಿನಿಯರ್ ಬಂದು ಈ ಫೈಲ್ ತೆರೆದ ದಿವಸ, ಯಾರ್ಯಾರಿಗೆ ತಿದ್ದೋ ಅಧಿಕಾರ ಅಂತ ಪಟ್ಟಿ ಕೇಳಿದ್ರು. ನೇಮಕಾತಿ ಆರ್ಡರ್ ನಂಬರ್ ಇರೋರ್ನ ಮಾತ್ರ ಸೇರಿಸ್ಬೌದು ಅಂತ ಸರ್ಕ್ಯುಲರ್ ಇತ್ತು. ನನ್ನ ಹತ್ರ ನಂಬರ್ ಇರ್ಲಿಲ್ಲ. ನೀವು ಕಾಯಿ ಒಡೆದು, 'ನನ್ ಎಸ್ರೊಂದೇ ಇರ್ಲಿ, ಅಧಿಕಾರ ಅಂಚಬಾರ್ದು' ಅಂದ್ರಿ. ಆವತ್ತಿಂದ ನಿಮ್ಮ ಹೆಸರಲ್ಲೇ ಒಳಕ್ಕೆ ಹೋಗಿ ಕೆಲಸ ಮಾಡ್ತಿದೀನಿ.

ಪುಟ್ಟಮಾದಯ್ಯ: ಅಂಗಾದ್ರೆ ಅಲ್ಲಿ ಬರ್ದಿರೋದು ಏನ ಅಂದ್ರ, ಶಾಂತಮಲ್ಲಪ್ಪೋರು ಯೋಳಿದ್ರು, ಅದ್ಕ ಶಾಂತಮಲ್ಲಪ್ಪೋರು ಮಾಡಿದ್ರು. ಬಲೇ ಒಗ್ಗಟ್ಟು.

ಗಡಿಯಾರ ಎರಡು ಹೊಡೆಯಿತು. ಹೊರಗೆ ಡ್ರಮ್ಮು ಗಡಗಡ ಸದ್ದು ಮಾಡುತ್ತಿತ್ತು. ಅದರೊಳಗೆ ಉರುಳಾಡುತ್ತಿರುವುದು ಅರಿಶಿನವಲ್ಲ, ತಾನೇ ಎಂದು ಶಾಂತಮಲ್ಲಪ್ಪನವರಿಗೆ ಅನಿಸಿತು. ಇದು ಬಯಲಾದರೆ ಸೆಕ್ರೆಟರಿ ಕುರ್ಚಿ ಹೋಗುತ್ತದೆ. ಕುರ್ಚಿ ಹೋದರೆ ಬಾಮೈದನೂ ಕಂಡು ಕಾಣದವನಂತೆ ಹೋಗುತ್ತಾನೆ.

ಶಾಂತಮಲ್ಲಪ್ಪ: ಪೂರಾ ಫೈಲೇ ಕಿತ್ತಾಕ್ಬುಡು. ಇಲಿ ತಿಂತು ಅನ್ನನ.

ಶಿವರಂಜಿನಿ: ತಿಂಗ್ಳಿಗೊಂದು ಸಲ ಟೇಪಿಗೆ ತುಂಬಿ ಚಾಮರಾಜನಗರಕ್ಕೆ ಕಳಿಸ್ತೀವಲ್ಲ ಸಾ. ಇದೆಲ್ಲ ಅವರತ್ರವೂ ಅದೆ.

ಶಾಂತಮಲ್ಲಪ್ಪ: ಕಳಿಸ್ತೀವಿ ಅಂದ್ರೆ? ಪುಟ್ಟಮಾದ, ನೀ ದಿಟವಾಗ್ಲೂ ತಕ್ಕೊಂಡೋಗಿ ಕೊಟ್ಟಿದ್ಯಾ?

ಪುಟ್ಟಮಾದಯ್ಯ: ಇನ್ನೇನ್ ಸಾ, ಮಡಿಕ್ಕಂಡ್ ಕೂತ್ಕಳನಾ? ಪ್ರತಿ ತಿಂಗ್ಳೂ ಸಯಿ ಆಕಿಸ್ಕಂಡ್ ಬಂದಿವ್ನಿ. ತೋರಿಸ್ಲಾ?

ಶಾಂತಮಲ್ಲಪ್ಪ: ಬ್ಯಾಡ ಕಣಪ್ಪ. ಇಡೀ ಸಂಘದಲ್ಲಿ ನಿಯತ್ತಾಗಿ ಕೆಲ್ಸ ಮಾಡೋನ್ ನೀನೊಬ್ಬ, ಅದೂ ಇಂಥ ಕೆಲ್ಸದಲ್ಲಿ.

ಅವರು ಕುರ್ಚಿಯನ್ನು ಶಿವರಂಜಿನಿಯ ಪಕ್ಕಕ್ಕೆ ಎಳೆದುಕೊಂಡು ದನಿಗೆ ಬೆಲ್ಲ ಸವರಿಕೊಂಡರು. ಶಾಂತಮಲ್ಲಪ್ಪನವರು ಬೆಲ್ಲ ತೆಗೆದರೆಂದರೆ ಹಿಂದೆ ಬೇವಿದೆ ಎಂದು ಸಂಘದ ಗೋಡೆಗಳಿಗೂ ಗೊತ್ತು.

ಶಾಂತಮಲ್ಲಪ್ಪ: ನೋಡವ್ವ ರಂಜಿನಿ. ಮೇಲೆ ಇನ್ನೊಂದ್ ಬರೀಬೌದು ಅಂದೆ ಅಲ್ವಾ? ಬರಿ. 'ಒಂದು ಪಾಯಿಂಟ್ ಏಳು. ಹಿಂದಿಂದೆಲ್ಲ ಆಪರೇಟರ್ ಶಿವರಂಜಿನಿ ತಪ್ಪು. ಸೆಕ್ರೆಟರಿಗೆ ಗೊತ್ತಿರ್ಲಿಲ್ಲ.' ನಿನ್ ಕೈ ಬುಡಾಕಿಲ್ಲ ನಾನು. ನಿನ್ ಕೆಲ್ಸ ಖಾಯಂ ಮಾಡಿಸ್ತೀನಿ ಅಂತ ಯೋಳಿಲ್ವಾ?

ಶಿವರಂಜಿನಿ: ಎರಡು ವರ್ಷದಿಂದ ಹೇಳ್ತಾ ಇದೀರ ಸಾ. ಆದ್ರೆ ಅದನ್ನ ನಾನು ಬರೆದ್ರೂ 'ಮಾಡಿದವರು: ಶಾಂತಮಲ್ಲಪ್ಪ' ಅಂತ್ಲೇ ಬರ್ತದೆ. ನೀವೇ ನನ್ನ ಮೇಲೆ ಎತ್ತಾಕಿದ ಹಾಗೆ ಕಾಣ್ತದೆ.

ಶಾಂತಮಲ್ಲಪ್ಪ: ನಿನ್ ಎಸ್ರಲ್ಲಿ ಬರಿ ಮತ್ತೆ!

ಶಿವರಂಜಿನಿ: ನನ್ನ ಹೆಸರು ಪಟ್ಟೀಲಿ ಇಲ್ವಲ್ಲ ಸಾ. ಸೇರಿಸ್ಬೇಕು ಅಂದ್ರೆ ಆರ್ಡರ್ ನಂಬರ್ ಬೇಕು. ಆರ್ಡರ್ ಬೇಕು ಅಂದ್ರೆ ನೀವು ಬರೆದು ಕೊಡ್ಬೇಕು. ಈಗ ಹಾಜರಿ ಪುಸ್ತಕದಲ್ಲಿ ನಾನು ಡ್ರಮ್ಮಿಗೆ ಮೂಟೆ ತುಂಬೋ ಆಳುಗಳ ಜೊತೆ ಇದೀನಿ. ಮೂಟೆ ಆಳು ಕಂಪ್ಯೂಟರ್ ತಪ್ಪು ಮಾಡ್ತು ಅಂದ್ರೆ, ಮೇಡಂ ಮೂಟೆ ಆಳನ್ನ ಅಲ್ಲಿ ಕೂರಿಸಿದ್ದು ಯಾರು ಅಂತ ಕೇಳಲ್ವಾ?

ಪುಟ್ಟಮಾದಯ್ಯ: ಕೇಳ್ತಾರ ಸಾ. ನಾನಾದ್ರೂ ಕೇಳ್ತೀನಿ.

ಹುಡುಗಿಯ ಮಾತಿನಲ್ಲಿ ತೊಟ್ಟು ಸಿಟ್ಟೂ ಇರಲಿಲ್ಲ. ಅದೇ ಶಾಂತಮಲ್ಲಪ್ಪನವರಿಗೆ ತಡೆಯಲಾರದ ಸಂಕಟವಾಯಿತು. ತಪ್ಪು ಹೊರಿಸಬೇಕಾದರೆ ಮೊದಲು ಕೆಲಸ ಕೊಡಬೇಕು! ಲೋಕದಲ್ಲಿ ಎಲ್ಲಾದರೂ ಇಂಥ ಅನ್ಯಾಯ ಉಂಟೇ? ಆದರೂ ಲೆಕ್ಕ ಹಾಕಿದರು. ಇವತ್ತು ಕೊಟ್ಟರೆ ನಾಳೆ ಕಿತ್ತುಕೊಳ್ಳಬಹುದು. ತಪ್ಪೊಪ್ಪಿಕೊಂಡವಳನ್ನು ಮನೆಗೆ ಕಳಿಸಲು ಯಾರ ಅಪ್ಪಣೆ ಬೇಕು? ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಶಾಂತಮಲ್ಲಪ್ಪನವರು ತಮ್ಮ ಬುದ್ಧಿಗೆ ತಾವೇ ತಲೆದೂಗಿದರು.

ಶಾಂತಮಲ್ಲಪ್ಪ: ಪುಟ್ಟಮಾದ, ಆರ್ಡರ್ ಬುಕ್ಕು ತಗೊಂಬಾ.

ಪುಟ್ಟಮಾದಯ್ಯ: ಯಾವ್ದು ಸಾ?

ಶಾಂತಮಲ್ಲಪ್ಪ: ಆದೇಶ ಬರ್ಯೋ ಬುಕ್ಕು ಕಣ್ಲಾ!

ಪುಟ್ಟಮಾದಯ್ಯ: ಅಂಥದೊಂದ್ ಅದೆ ಅಂತ ನಿಮ್ಗೂ ಗೊತ್ತಾ ಸಾ?

ಬೀರುವಿನ ತಳದಿಂದ ಬುಕ್ಕು ಹೊರಗೆ ಬಂತು. ಇಪ್ಪತ್ತೆರಡು ವರ್ಷ ಯಾರೂ ಮುಟ್ಟದಿದ್ದುದರಿಂದ ರಟ್ಟನ್ನು ಹುಳ ತಿಂದಿತ್ತು, ಒಳಗಿನ ಹಾಳೆಗಳು ಮಾತ್ರ ಹಸುಗೂಸಿನ ಹಾಗೆ ಖಾಲಿ. ಸೀಲಿನ ಪ್ಯಾಡು ಒಣಗಿ ಬಿರುಕು ಬಿಟ್ಟಿತ್ತು. ಪುಟ್ಟಮಾದಯ್ಯ ಅದಕ್ಕೆ ಲೋಟದ ನೀರು ಚಿಮುಕಿಸಿ ಉಜ್ಜಿದ.

ಶಾಂತಮಲ್ಲಪ್ಪ: 'ಆದೇಶ ಸಂಖ್ಯೆ ಒಂದು. ಕುಮಾರಿ ಶಿವರಂಜಿನಿಯವರನ್ನು ಈ ದಿನದಿಂದ...'

ಶಿವರಂಜಿನಿ: ಈ ದಿನದಿಂದ ಅಂದ್ರೆ ಆಗಲ್ಲ ಸಾ.

ಶಾಂತಮಲ್ಲಪ್ಪ: ಇನ್ನೇನಮ್ಮಿ?

ಶಿವರಂಜಿನಿ: ತಪ್ಪು ಆಗಿರೋದು ಫೆಬ್ರವರೀಲಿ. ನಾನು ಮಾರ್ಚಲ್ಲಿ ಕೆಲಸಕ್ಕೆ ಸೇರಿದ್ರೆ ಫೆಬ್ರವರಿ ತಪ್ಪು ನಂದು ಹೆಂಗಾಗ್ತದೆ?

ಶಾಂತಮಲ್ಲಪ್ಪ: ಅದೂ ಸರಿಯೇ... ನೀ ಬಂದಿದ್ದು ಯಾವಾಗ?

ಶಿವರಂಜಿನಿ: ತೊಂಬತ್ತಾರು ಜೂನ್ ಮೂರು. 'ನಾಳಿಕಿಂದ ಬಾ' ಅಂದಿದ್ರಿ.

ಶಾಂತಮಲ್ಲಪ್ಪ: 'ತೊಂಬತ್ತಾರನೇ ಇಸವಿ ಜೂನ್ ಮೂರರಿಂದಲೇ ಜಾರಿಗೆ ಬರುವಂತೆ, ಸಂಘದ ಖಾಯಂ ಕಂಪ್ಯೂಟರ್ ಆಪರೇಟರ್ ಎಂದು ನೇಮಿಸಲಾಗಿದೆ.' ತಗೊ! ಸಮಾಧಾನವಾ?

ಸಹಿ ಹಾಕುವ ಮೊದಲು ಅವರು ಪೆನ್ನನ್ನು ಎರಡು ಸಲ ಒದರಿದರು. ಮದುವೆಯ ದಿನ ತಾಳಿ ಕಟ್ಟುವಾಗಲೂ ಇಷ್ಟು ಹಿಂದೆಮುಂದೆ ನೋಡಿರಲಿಲ್ಲ. ಸೀಲು ಬಿತ್ತು. ಶಿವರಂಜಿನಿ ಆದೇಶವನ್ನು ಎರಡು ಸಲ ಓದಿ, ಪ್ರತಿಯನ್ನು ಮಡಿಸಿ ಊಟದ ಡಬ್ಬಿಯ ಚೀಲದಲ್ಲಿಟ್ಟಳು. ಅವಳ ಕಣ್ಣು ಒಂದು ಗಳಿಗೆ ತುಂಬಿ ಬಂದದ್ದನ್ನು ಪುಟ್ಟಮಾದಯ್ಯ ನೋಡಿದ, ಶಾಂತಮಲ್ಲಪ್ಪನವರು ಗಡಿಯಾರ ನೋಡುತ್ತಿದ್ದರು.

ಶಿವರಂಜಿನಿ: ಪಟ್ಟಿಗೆ ನನ್ನ ಹೆಸರು ಸೇರ್ತು ಸಾ. ಈಗ ನನ್ನ ಹೆಸರಲ್ಲೇ ಒಳಕ್ಕೆ ಹೋಗಿದೀನಿ.

ಶಾಂತಮಲ್ಲಪ್ಪ: ಬರಿ ಬರಿ, ಬೇಗ ಬರಿ! ಎರಡೂ ಮುಕ್ಕಾಲಾಯ್ತು.

ಅವಳು ಬರೆದಳು. ಕೀಲಿಗಳ ಟಕಟಕ ಸದ್ದು ಶಾಂತಮಲ್ಲಪ್ಪನವರ ಕಿವಿಗೆ ಮಂಗಳವಾದ್ಯದಂತೆ ಕೇಳಿತು. ಒಂದು ಗೆರೆಯ ತಪ್ಪೊಪ್ಪಿಗೆಗೆ ಇಷ್ಟು ಹೊತ್ತು ಯಾಕೆ ಎಂದು ಕೇಳಬೇಕು ಎನ್ನುವಷ್ಟರಲ್ಲಿ ಹೊರಗೆ ಜೀಪು ನಿಂತಿತು. ಮೇಡಂ ಬಸ್ಸಿಗೆ ಕಾಯದೆ ಬಂದುಬಿಟ್ಟಿದ್ದರು. ಇನ್‌ಸ್ಪೆಕ್ಷನ್ ಅಧಿಕಾರಿ ನಯನಾ ಇನ್ನೂ ಚಿಕ್ಕ ವಯಸ್ಸಿನವರು. ಹಾರ ಬೇಡ, ಎಳನೀರು ಬೇಡ ಎಂದು ನೇರ ಕಂಪ್ಯೂಟರಿನ ಮುಂದೆ ಬಂದು ನಿಂತರು.

ಶಾಂತಮಲ್ಲಪ್ಪ: ನಮಸ್ಕಾರ ಮೇಡಂ. ಎಲ್ಲಾ ಪತ್ತೆ ಅಚ್ಬುಟ್ಟಿವ್ನಿ. ತಪ್ಪು ಯಾರ್ದು ಅಂತ ಅದ್ರಲ್ಲೇ ಅದೆ. ಮೇಲ್ಗಡೆದು ಓದಿ.

ನಯನಾ: ಮೇಲಿಂದು ತಾನೇ? 'ಒಂದು ಪಾಯಿಂಟ್ ಏಳು. ಮಾಡಿದವರು: ಶಿವರಂಜಿನಿ. ಸರದಿ ಮೊದಲಿದ್ದ ಹಾಗೆ ಅರ್ಜಿಯ ತಾರೀಖಿನಂತೆ ಮಾಡಿದ್ದೇನೆ. ಬಸವಮ್ಮ ಮೊದಲು. ಕಾರಣ: ಸಂಘದ ನಿಯಮ. ಯಾರೂ ಹೇಳಿಲ್ಲ.'

ಶಾಂತಮಲ್ಲಪ್ಪ: ಅಮ್ಮೀ! ಇದೇನ್ ಮಾಡ್ಬುಟ್ಟೆ?

ಶಿವರಂಜಿನಿ: ತಪ್ಪು ಸರಿ ಮಾಡ್ದೆ ಸಾ. ಖಾಯಂ ಆಪರೇಟರ್ ಅಲ್ವಾ, ಇನ್ಮೇಲೆ ನನ್ನ ಹೆಸರಲ್ಲಿ ಏನೇನೋ ಬರೆಯಕ್ಕೆ ಆಗಲ್ಲ.

ನಯನಾ: ಕೆಳಗಿನ ಮೂರು ಟೇಪಲ್ಲೇ ನೋಡಿದ್ದೆ. ಮಾಡಿದವರು ನೀವು, ಹೇಳಿದವರೂ ನೀವು. ಒಂದೇ ಅರ್ಥ ಆಗಿರ್ಲಿಲ್ಲ: ಬಸವಮ್ಮ ದೂರಲ್ಲಿ ಹೇಳಿದ್ದ, ಟೈಪ್ ಮಾಡ್ತಿದ್ದ ಹುಡುಗಿ ಯಾರು ಅಂತ. ನಿಮ್ಮ ಸಿಬ್ಬಂದಿ ಪಟ್ಟೀಲಿ ಆಕೆ ಇರ್ಲೇ ಇಲ್ಲ.

ಪುಟ್ಟಮಾದಯ್ಯ: ಈಗ ಅವ್ಳೆ ಮೇಡಮ್ಮೋರೆ. ತಕ್ಕಳಿ ಬುಕ್ಕು, ಸೀಲು ಇನ್ನೂ ಒಣಗಿಲ್ಲ, ಉಷಾರು.

ನಯನಾ: 'ತೊಂಬತ್ತಾರನೇ ಇಸವಿ ಜೂನ್ ಮೂರರಿಂದಲೇ...' ಇವತ್ತು ಬರೆದಿದ್ದೀರಿ. ಅಂದ್ರೆ ಎರಡು ವರ್ಷ ಒಂದು ಚೀಟಿ ಇಲ್ಲದೆ ಆಕೇನ ದುಡಿಸಿದ್ದೀರಿ ಅಂತ ನೀವೇ ಸಹಿ ಹಾಕಿ ಕೊಟ್ಟ ಹಾಗಾಯ್ತಲ್ಲ ಶಾಂತಮಲ್ಲಪ್ಪನವರೇ. ಸರಿ. ಎಲ್ಲಕ್ಕೂ ಸಮಜಾಯಿಷಿ ಬರೆದು ಕೊಡಿ.

ಹೊರಗೆ ಡ್ರಮ್ಮು ನಿಂತಿತು. ಆಳುಗಳು ಬಸವಮ್ಮನ ಹೆಸರು ಹಿಡಿದು ಕೂಗುವುದು ಕಿಟಕಿಯಲ್ಲಿ ಕೇಳಿಸಿತು. ಶಾಂತಮಲ್ಲಪ್ಪನವರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಮುಖವೊಂದಾದರೂ ಒರೆಸಲು ಸಿಕ್ಕಿತು.

ಶಾಂತಮಲ್ಲಪ್ಪ: ಬರ್ಯೋದೆಲ್ಲಾ ಯಾಕ್ ಮೇಡಂ, ಬಾಯಲ್ಲೇ ಯೋಳ್ಬುಡ್ತೀನಿ. ನಂಗೆ ಬರ್ದು ಕೊಟ್ಟು ಅಭ್ಯಾಸ ಇಲ್ಲ.

ಪುಟ್ಟಮಾದಯ್ಯ: ಇಲ್ಲ ಅಂದ್ರ ಎಂಗೆ ಸಾ? ಕೈ ಈಗ್ತಾನೇ ಪಳಗ್ಯದೆ. ಬುಕ್ಕಲ್ಲಿ ಎರಡ್ನೇ ನಂಬ್ರಕ್ಕೆ ಗೆರೆ ಎಳ್ದು ಮಡಗಿವ್ನಿ, ಬರೀರಿ.