ಕೂದಲೆಳೆ ಕಟ್ಟಿದ ಗಾಡಿ

"ಅಂಗಡಿಯಿಂದ ಒಂದೇ ಒಂದು ನಟ್ಟು ತಂದ್ರೂ ನನ್ನ ಕೈ ಕತ್ತರಿಸಿಬಿಡು!"

ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಈ ಭೀಷ್ಮಪ್ರತಿಜ್ಞೆ ಮಾಡಿದವನು ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಮೆಷಿನ್ ನಡೆಸುವವನು. ಕೇಳಿಸಿಕೊಂಡ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹಲ್ಲಲ್ಲಿ ಕಚ್ಚಿದ್ದ ಗುಂಡುಸೂಜಿಗಳ ಸಂದಿಯಿಂದಲೇ, "ಕತ್ತರಿ ನನ್ನ ಹತ್ರಾನೇ ಇದೆ, ಜ್ಞಾಪಕ ಇರ್ಲಿ," ಎಂದಳು.

ಬೀದಿಯವರು ಅವನಿಗೆ ಇಟ್ಟ ಹೆಸರು 'ಕೂದಲೆಳೆ'. ಮಾತೆತ್ತಿದರೆ "ಕೂದಲೆಳೆಯಷ್ಟೂ ವ್ಯತ್ಯಾಸ ಬರಬಾರ್ದು" ಎನ್ನುವುದು ಅವನ ಅಭ್ಯಾಸ. ಗೋಡೆಗೆ ಮೊಳೆ ಹೊಡೆಯಬೇಕಾದರೂ ಅಳತೆ, ಬ್ರೆಡ್ಡು ಕತ್ತರಿಸಬೇಕಾದರೂ ಅಳತೆ. ಹಾಗೆ ನೋಡಿದರೆ ಅವನ ತಲೆ ಪೂರ್ತಿ ಬೋಳು. ಅಳೆಯುವುದಕ್ಕೆ ಒಂದು ಎಳೆಯೂ ಉಳಿದಿರಲಿಲ್ಲ!

ಪ್ರತಿಜ್ಞೆಗೆ ಕಾರಣ ಮಾವ, ಅಂದರೆ ಹೆಂಡತಿಯ ಅಪ್ಪ. ಬಸ್ಸು ಓಡಿಸಿ ನಿವೃತ್ತರಾದ ಅವರು ಮಗಳ ಮನೆಯಲ್ಲೇ ಇದ್ದರು. ಬಚ್ಚಲಲ್ಲಿ ಜಾರಿ ಸೊಂಟಕ್ಕೆ ಪೆಟ್ಟು ಮಾಡಿಕೊಂಡ ಮೇಲೆ ಗೇಟು ದಾಟಿದವರಲ್ಲ. ಸೊಂಟ ಕೂಡಿಕೊಂಡಿತು, ಮನಸ್ಸು ಕೂಡಿಕೊಳ್ಳಲಿಲ್ಲ. ಬೀದಿಯ ತುದಿಯಲ್ಲೇ ಅವರ ಬಸ್ಸಿನ ಹಳೆಯ ಕಂಡಕ್ಟರ್ ಮನೆ. ಮೊದಲೆಲ್ಲ ದಿನಾ ಅಲ್ಲಿಗೆ ಹೋಗಿ ಜಗಳವಾಡಿ, ಚಹಾ ಕುಡಿದು, ಹಗುರಾಗಿ ಬರುತ್ತಿದ್ದರು. ಈಗ ಕಂಡಕ್ಟರೇ ನೋಡಲು ಬಂದರೂ ನಿದ್ದೆ ಬಂದವರಂತೆ ಕಣ್ಣು ಮುಚ್ಚುತ್ತಿದ್ದರು. ಕೊನೆಗೆ ಆತನೂ ಬರುವುದನ್ನು ಬಿಟ್ಟ. "ಕಾರು ಕರೆಸ್ತೀವಿ, ಹೋಗಿ ಬನ್ನಿ ಅಪ್ಪ" ಎಂದರೆ, "ಜೀವಮಾನವೆಲ್ಲ ಓಡಿಸಿದೋನು ನಾನು. ಇನ್ನೊಬ್ರು ಗಾಡೀಲಿ ಮೂಟೆ ಥರ ಕೂರೋಲ್ಲ" ಎಂದು ಕಿಟಕಿಯ ಕಡೆ ತಿರುಗುತ್ತಿದ್ದರು.

ಷೆಡ್ಡಿನಲ್ಲಿ ಮಾವನ ಹಳೆಯ ಮೋಟಾರ್‌ಸೈಕಲ್ ಇತ್ತು. ತುಕ್ಕು ಎಲ್ಲವನ್ನೂ ತಿಂದು, ಎಂಜಿನ್ ಒಂದನ್ನು ಮಾತ್ರ ಎಂಜಲು ಬಿಟ್ಟಿತ್ತು.

"ಇದಕ್ಕೆ ಹೊಸ ಮೈ ಕಟ್ತೀನಿ ಮಾವ. ಪಕ್ಕಕ್ಕೆ ನೀವು ಕೂರೋಕೊಂದು ಸೈಡ್‌ಕಾರ್ ಜೋಡಿಸ್ತೀನಿ. ಎಲ್ಲಾ ಭಾಗಾನೂ ನನ್ನ ಕೈಯಿಂದಲೇ! ಎಂಜಿನ್ ನಿಮ್ದೇ ಅಂದ್ಮೇಲೆ ಇನ್ನೊಬ್ರು ಗಾಡಿ ಹೇಗಾಗುತ್ತೆ?"

"ಅಳಿಯಂದಿರೇ," ಎಂದರು ಮಾವ, "ಹಳೇ ಎಂಜಿನ್ನು, ಹಳೇ ಮಾವ, ಎರಡನ್ನೂ ಬಿಚ್ಚೋದು ಸುಲಭ. ಮತ್ತೆ ಜೋಡಿಸಿದಾಗ ಒಂದೆರಡು ಸಾಮಾನು ಮಿಕ್ಕಿಬಿಡುತ್ತೆ."

ಆದರೂ ಬೇಡವೆನ್ನಲಿಲ್ಲ. ಅಷ್ಟೇ ಸಾಕಾಯಿತು ನಮ್ಮ ವಿಶ್ವಕರ್ಮನಿಗೆ!

ಕಾರ್ಖಾನೆಯವರು ಬೇಡವೆಂದು ಹಾಕಿದ್ದ ಲೇತ್ ಮನೆಗೆ ಬಂದು, ಹೊಲಿಗೆ ಮೆಷಿನ್ ಪಕ್ಕದಲ್ಲಿ ಪಟ್ಟಾಭಿಷಿಕ್ತವಾಯಿತು. ಅದು ಗುಡುಗಿದರೆ ಮನೆಯ ದೀಪಗಳು ಹೆದರಿ ಮಂಕಾಗುತ್ತಿದ್ದವು. ಕಡೆದ ಲೋಹದ ಸುರುಳಿಗಳು ಕಾಲುಚೀಲದಲ್ಲಿ, ದಿಂಬಿನಡಿಯಲ್ಲಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಸಿಗತೊಡಗಿದವು. ಅಳತೆ ನೋಡಲು ಬಂದ ಗಿರಾಕಿಯೊಬ್ಬಳು ಕೊರಳಪಟ್ಟಿಯಿಂದ ಹಿತ್ತಾಳೆಯ ಸುರುಳಿಯೊಂದನ್ನು ಎಳೆದು, "ಇದೇನ್ರೀ?" ಎಂದಳು.

"ಹೊಸ ಫ್ಯಾಷನ್ನು," ಎಂದಳು ಹೆಂಡತಿ, ಕಣ್ಣು ಮಿಟುಕಿಸದೆ. ಗಿರಾಕಿ ಹೋದ ಮೇಲೆ ಗಂಡನ ಕಡೆ ತಿರುಗಿದಳು. "ರೀ, ಡಾಕ್ಟ್ರು ನಂಗೆ ಕಬ್ಬಿಣದ ಅಂಶ ಕಮ್ಮಿ ಅಂದಿದ್ರು. ಇನ್ಮೇಲೆ ಮಾತ್ರೆ ಬೇಡ. ಊಟದಲ್ಲೇ ಸಿಗ್ತಿದೆ!"

ಬೈದಳೇ ಹೊರತು ಸೈಡ್‌ಕಾರಿಗೆ ಮೆತ್ತೆ ಹೊಲಿದವಳೂ ಅವಳೇ. ಅಪ್ಪನ ಸೊಂಟ ತಾಗುವ ಕಡೆ ಎರಡು ಪದರ ಹತ್ತಿ ಹೆಚ್ಚಿಗೆ ತುಂಬಿದಳು.

ಗಾಡಿ ಬೆಳೆಯಿತು. ಹ್ಯಾಂಡಲ್, ಅಚ್ಚು, ಬ್ರೇಕಿನ ಪೆಡಲ್, ಕ್ಲಚ್ಚಿನ ಹಿಡಿ, ಎಲ್ಲವೂ ಸ್ವಹಸ್ತ ನಿರ್ಮಿತ! ಎಂಜಿನ್ನಿನಿಂದ ಗೇರ್ ಪೆಟ್ಟಿಗೆಗೆ ಮೊದಲು ಒಂದು ಸರಪಳಿ ಇತ್ತು. "ಸರಪಳಿ ಅಂದ್ರೆ ಸಡಿಲ, ಸಡಿಲ ಅಂದ್ರೆ ಅವಮಾನ" ಎಂದು ಕೂದಲೆಳೆ ಅದನ್ನು ಕಿತ್ತೆಸೆದು, ಆ ಜಾಗಕ್ಕೆ ತಾನೇ ಕಡೆದ ಎರಡು ಹಲ್ಲುಚಕ್ರಗಳನ್ನು ಒಂದಕ್ಕೊಂದು ಕಚ್ಚಿಸಿ ಕೂರಿಸಿದ. ಹಲ್ಲುಗಳೋ ಮುತ್ತು ಪೋಣಿಸಿದಂತೆ! ಮದುವೆಯ ದಿನ ಹೆಂಡತಿಯ ಹಲ್ಲನ್ನೂ ಅವನು ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ.

ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕಿಕ್ ಹೊಡೆದ. ಎಂಜಿನ್ ಕೆಮ್ಮಿತು, ಸೀನಿತು, ಗರ್ಜಿಸಿತು. ಹಿಂದಿನ ಚಕ್ರ ಗಿರಗಿರನೆ ತಿರುಗಿತು.

"ರೀ, ಆ ಚಕ್ರ ಯಾಕೋ..." ಎಂದು ಹೆಂಡತಿ ಬಾಯಿ ತೆರೆದಳು.

"ತಿರುಗ್ತಿದೆ ಕಣೇ! ಚಕ್ರ ತಿರುಗ್ತಿದೆ!" ಎಂದು ಕುಣಿದ ಅವನಿಗೆ ಯಾವ ಕಡೆಗೆ ಎಂದು ನೋಡುವ ವ್ಯವಧಾನ ಎಲ್ಲಿತ್ತು?

ಭಾನುವಾರ ಬೆಳಿಗ್ಗೆ ಪ್ರಥಮ ಪ್ರಯಾಣ. ಕಂಡಕ್ಟರ್ ಮನೆ ಎಡಕ್ಕಿದ್ದರೂ ಬಲಕ್ಕೆ ಹೊರಟು, ಮಾರುಕಟ್ಟೆಯನ್ನು ಒಂದು ಸುತ್ತು ಬಳಸಿ, ದಿಗ್ವಿಜಯ ಮುಗಿಸಿ ಅಲ್ಲಿಗೆ ಹೋಗುವುದೆಂದು ಕೂದಲೆಳೆಯ ಯೋಜನೆ. ಬೀದಿಯೆಲ್ಲ ಬಾಗಿಲಿಗೆ ಬಂದಿತ್ತು. ಕ್ಷೌರದ ಅಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯ ಸಮೇತ ಹೊರಗೆ ನಿಂತಿದ್ದ. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಯಾರ ಕೈಯನ್ನೂ ಹಿಡಿಯದೆ ಸೈಡ್‌ಕಾರಿನಲ್ಲಿ ಕೂತರು. ಹೆಂಡತಿ ಹಿಂದಿನ ಸೀಟಿನಲ್ಲಿ.

ಕೂದಲೆಳೆ ನೆರೆದವರಿಗೆ ಕೈ ಬೀಸಿ, ಎದೆಯುಬ್ಬಿಸಿ, ಗೇರ್ ಹಾಕಿ, ಕ್ಲಚ್ ಬಿಟ್ಟ.

ಗಾಡಿ ಹೊರಟಿತು. ಹಿಂದಕ್ಕೆ!

"ರೀ! ಎಲ್ಲಿಗ್ರೀ?"

"ಗೊತ್ತಿಲ್ವೇ!"

ಗಾಬರಿಯಲ್ಲಿ ಗೇರ್ ಬದಲಾಯಿಸಿದ. ಹಿಂದಕ್ಕೆ ಹೋಗುತ್ತಿದ್ದ ಗಾಡಿ ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು. ಕ್ಲಚ್ ಒತ್ತಿದ. ಸ್ವಹಸ್ತ ನಿರ್ಮಿತ ಹಿಡಿ ಅವನ ಸ್ವಹಸ್ತಕ್ಕೇ ಕಿತ್ತು ಬಂತು. ಬ್ರೇಕ್ ತುಳಿದರೆ ಅದು 'ಕೀ' ಎಂದು ಸಹಾನುಭೂತಿ ಸೂಚಿಸಿತೇ ವಿನಾ ಹಿಡಿಯಲಿಲ್ಲ. ಎಂಜಿನ್ ಆರಿಸುವ ಗುಂಡಿಯನ್ನಂತೂ "ಆಮೇಲೆ ಹಾಕೋಣ" ಎಂದು ಬಿಟ್ಟಿದ್ದ. ಹೊರಡುವ ಮೊದಲೇ ನಿಲ್ಲಿಸುವ ಯೋಚನೆ ಯಾವ ವೀರನಿಗೆ ತಾನೇ ಬರುತ್ತದೆ?

ಆಗ ಸೈಡ್‌ಕಾರಿನಿಂದ ಒಂದು ಧ್ವನಿ ಕೇಳಿಸಿತು. ಮನೆಯಲ್ಲಿ ಎಷ್ಟೋ ಕಾಲದಿಂದ ಯಾರೂ ಕೇಳಿರದ, ಬಸ್ ನಿಲ್ದಾಣವನ್ನೇ ನಡುಗಿಸುವಂಥ ಧ್ವನಿ.

"ಅಳಿಯಂದಿರೇ! ಕೈ ನಡುಗಿಸಬೇಡಿ. ನಾನು ಹೇಳಿದ ಹಾಗೆ ಹ್ಯಾಂಡಲ್ ತಿರುಗ್ಸಿ. ಮಗಳೇ, ಬಗ್ಗಿ ಪೆಟ್ರೋಲ್ ಟ್ಯಾಂಕಿನ ನಲ್ಲಿ ಮುಚ್ಚಮ್ಮಾ. ಒಳಗಿರೋದು ಮುಗಿಯೋ ತನಕ ಓಡುತ್ತೆ, ಓಡ್ಲಿ!"

ಕೂದಲೆಳೆ ಓರೆಗಣ್ಣಲ್ಲಿ ನೋಡಿದ. ಹಾಸಿಗೆಯಿಂದ ಏಳುವುದಕ್ಕೂ ನರಳುತ್ತಿದ್ದ ಮಾವ ಮೆತ್ತೆಯ ಮೇಲೆ ಮಂಡಿಯೂರಿ, ಹಿಂದಕ್ಕೆ ಮುಖ ಮಾಡಿ, ಒಂದು ಕೈ ಎತ್ತಿ ಹಿಡಿದಿದ್ದರು.

"ಎಡಕ್ಕೆ... ಇನ್ನೂ ಎಡಕ್ಕೆ... ತರಕಾರಿ ಗಾಡಿ ಇದೆ, ನೇರ ಮಾಡಿ! ಏಯ್, ಬಕೆಟ್ಟು ತೆಗೀರಿ! ಬರ್ಲಿ, ಬರ್ಲಿ, ಬರ್ಲಿ..."

ಟೊಮೇಟೊ ಗುಡ್ಡೆಯನ್ನು ಕೂದಲೆಳೆಯ ಅಂತರದಲ್ಲಿ ಸವರಿಕೊಂಡು, ಒಣಗಲು ಹಾಕಿದ್ದ ಯಾರದೋ ಪೈಜಾಮವನ್ನು ಹೆಗಲಿಗೇರಿಸಿಕೊಂಡು ಗಾಡಿ ಬೀದಿಯುದ್ದಕ್ಕೂ ಹಿಮ್ಮೆಟ್ಟಿತು. ಬೀದಿಯ ತುದಿಯಲ್ಲಿ ಹಳೆಯ ಕಂಡಕ್ಟರ್ ಗೇಟಿನ ಬಳಿ ನಿಂತಿದ್ದ. ಮಂಡಿಯೂರಿ ಕೂತು ತನ್ನತ್ತಲೇ ಬರುತ್ತಿರುವ ಗೆಳೆಯನನ್ನು ಕಂಡ. ಏನು, ಎತ್ತ ಎಂದು ಒಂದು ಮಾತು ಕೇಳಲಿಲ್ಲ. ಅಭ್ಯಾಸಬಲ! ಗೇಟಿನ ತಗಡಿಗೆ ಢಬಢಬನೆ ಬಡಿದು, ಬಸ್ಸು ನಿಲ್ಲಿಸುವವನ ಹಾಗೆ "ಹೋಲ್ಡಾನ್!" ಎಂದು ಕೂಗಿದ.

ಅದೇ ಕ್ಷಣಕ್ಕೆ ಪೆಟ್ರೋಲು ಮುಗಿದು, ಎಂಜಿನ್ ಆರಿ, ಗಾಡಿ ಗೇಟಿನ ಮುಂದೆ ನಿಂತಿತು.

"ಏನ್ ಡ್ರೈವರ್ರೇ, ಇಷ್ಟು ಲೇಟು?" ಎಂದ ಕಂಡಕ್ಟರ್.

"ರಸ್ತೆ ಸರಿ ಇರ್ಲಿಲ್ಲ ಕಣಯ್ಯಾ," ಎಂದರು ಮಾವ. ಆಮೇಲೆ ನಗಲು ಶುರು ಮಾಡಿದರು. ಸೊಂಟ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಹೆಂಡತಿ ಪೈಜಾಮವನ್ನು ಗಂಡನ ಹೆಗಲಿನಿಂದ ತೆಗೆದು, ಯಾರದೆಂದು ನೋಡದೆ ಅದರಲ್ಲೇ ಕಣ್ಣೊರೆಸಿಕೊಂಡಳು.

ತಪ್ಪು ಸಣ್ಣದು. ಸರಪಳಿ ಹಾಕಿದರೆ ಎರಡು ಹಲ್ಲುಚಕ್ರಗಳೂ ಒಂದೇ ಕಡೆಗೆ ತಿರುಗುತ್ತವೆ. ಹಲ್ಲಿಗೆ ಹಲ್ಲು ಕಚ್ಚಿಸಿದರೆ ಗಂಡ ಹೆಂಡಿರ ಹಾಗೆ, ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ! ಸಂಧಾನಕ್ಕೆ ನಡುವೆ ಮೂರನೆಯದೊಂದು ಬೇಕು. ಲೇತಿನ ಮುಂದೆಯೇ ತಲೆ ಬೋಳಾದವನಿಗೆ ಇಷ್ಟು ಹೊಳೆದಿರಲಿಲ್ಲ. ಆ ರಾತ್ರಿ ಊಟಕ್ಕೂ ಏಳದೆ ಲೇತಿನ ಪಕ್ಕದಲ್ಲೇ ಮುಖ ಸಪ್ಪಗೆ ಮಾಡಿಕೊಂಡು ಕೂತ.

"ಎಡತೋಳನ್ನ ಬಲಕ್ಕೆ ಹೊಲಿದ್ರೆ ನಾನು ಬಿಚ್ಚಿ ಹೊಲೀತೀನಪ್ಪ," ಎಂದಳು ಹೆಂಡತಿ ಮೆಲ್ಲಗೆ. "ಅದಕ್ಕೆ ಊಟ ಬಿಟ್ಟು ಕೂರ್ತಾರಾ? ಏಳಿ."

ಅವನು ಎದ್ದ. ಬಿಚ್ಚಿದ. ನಡುವೆ ಮೂರನೆಯ ಹಲ್ಲುಚಕ್ರ ಕಡೆದು ಕೂರಿಸಿದ. ಬ್ರೇಕು, ಕ್ಲಚ್ಚು, ಆರಿಸುವ ಗುಂಡಿ, ಎಲ್ಲವನ್ನೂ ಗಟ್ಟಿ ಮಾಡಿದ. ಅಷ್ಟರಲ್ಲಿ ಮಾವ ದಿನಾ ಕೋಲೂರಿಕೊಂಡು ನಡೆದೇ ಕಂಡಕ್ಟರ್ ಮನೆಗೆ ಹೋಗತೊಡಗಿದ್ದರು. ಗಾಡಿ ಹಿಂದಕ್ಕೆ ಓಡಿದ ಆ ಕಥೆ ಹೇಳುವುದಕ್ಕೆ ಕಿಟಕಿಯ ಕುರ್ಚಿ ಸಾಲುತ್ತಿರಲಿಲ್ಲ. ಒಂದೊಂದು ಸಲ ಹೇಳಿದಾಗಲೂ ಬೀದಿ ಇನ್ನಷ್ಟು ಉದ್ದವಾಗುತ್ತಿತ್ತು, ಟೊಮೇಟೊ ಗುಡ್ಡೆ ಇನ್ನಷ್ಟು ಎತ್ತರವಾಗುತ್ತಿತ್ತು.

ಎರಡನೆಯ ಪ್ರಯಾಣದ ದಿನ ಮತ್ತೆ ಮೂವರೂ ಕೂತರು. ಕೂದಲೆಳೆ ಉಸಿರು ಬಿಗಿಹಿಡಿದು ಕ್ಲಚ್ ಬಿಟ್ಟ. ಗಾಡಿ ಬೆಣ್ಣೆಯ ಹಾಗೆ, ನೇರವಾಗಿ, ಗಂಭೀರವಾಗಿ ಮುಂದಕ್ಕೆ ಹೊರಟಿತು! ಎದೆ ಮತ್ತೆ ಉಬ್ಬಿತು. ಚಪ್ಪಾಳೆಗಾಗಿ ಅತ್ತಿತ್ತ ನೋಡಿದ.

ಒಬ್ಬರೂ ತಲೆಯೆತ್ತಲಿಲ್ಲ. ಕ್ಷೌರದ ಅಂಗಡಿಯವನೊಬ್ಬ ಮಾತ್ರ ಕತ್ತರಿ ಹಿಡಿದು ಬಾಗಿಲಿಗೆ ಬಂದ. ಗಾಡಿ ಮುಂದೆ ಹೋಗುವುದನ್ನು ನೋಡಿ ಅವನ ಮುಖ ಬಾಡಿತು.

"ಅಯ್ಯೋ, ಏನಾಯ್ತು ಸಾರ್? ಗಾಡಿ ಕೆಟ್ಟೋಯ್ತಾ?"

ಸೈಡ್‌ಕಾರಿನಿಂದ ಮಾವ ನಿಟ್ಟುಸಿರು ಬಿಟ್ಟರು.

"ಏನ್ ಹೇಳ್ಲಪ್ಪಾ! ಚೆನ್ನಾಗೇ ಇತ್ತು. ನಮ್ಮ ಅಳಿಯಂದಿರು ರಿಪೇರಿ ಮಾಡಿಬಿಟ್ರು!"