ಬಂದರಿಗೆ ಬಂದ ಧ್ರುವದ ಕಡಲ ಸೌತೆ

ಧ್ರುವದ ಕಡಲ ಸೌತೆ ಎಂಬ ಪ್ರಾಣಿಯು ಹೆಪ್ಪುಗಟ್ಟುವಷ್ಟು ತಣ್ಣನೆಯ ನೀರಿನಡಿ, ಕೆಸರಿನಲ್ಲಿ ಬಿದ್ದುಕೊಂಡು, ಬಾಯಿಯ ಸುತ್ತಲಿನ ಮೀಸೆಗಳಿಗೆ ಸಿಕ್ಕಿದ್ದನ್ನು ನುಂಗುತ್ತ ಬದುಕುತ್ತದೆ. ಅದಕ್ಕೆ ಮಿದುಳಿಲ್ಲ. ಕುಂದಾಪುರದ ಧ್ರುವಜೀವಿ ಕಲ್ಯಾಣ ಕಚೇರಿಯಲ್ಲಿ ಇದನ್ನು ಯಾರೂ ಕೊರತೆಯೆಂದು ಎಣಿಸಲಿಲ್ಲ.

ಇಂಥದೊಂದನ್ನು ವಿಮಾನದಲ್ಲಿ ತರಿಸಿ ಬಂದರಿನ ತೊಟ್ಟಿಗೆ ಬಿಟ್ಟದ್ದು ಮೇ ತಿಂಗಳ ಸೆಕೆಯಲ್ಲಿ. ನೀರು ತಣ್ಣಗಿರಬೇಕಲ್ಲ, ಐಸ್ ಪ್ಲಾಂಟಿನ ಐಸೆಲ್ಲ ತೊಟ್ಟಿಗೇ ಹೋಗತೊಡಗಿತು. ಮೀನು ಮಾರುವ ವನಜಳ ಬುಟ್ಟಿಗೆ ಒಂದು ಚೂರೂ ದಕ್ಕಲಿಲ್ಲ. ಐಸಿಲ್ಲದೆ ಬಂಗುಡೆ ಮಧ್ಯಾಹ್ನದವರೆಗೂ ಬಾಳುವುದಿಲ್ಲ; ಹಾಳು ಮೀನು ಮಾರಿದವಳೆಂಬ ಹೆಸರು ಅವಳಿಗೆ ಇಷ್ಟು ವರ್ಷದಲ್ಲಿ ಬಂದದ್ದಿಲ್ಲ. ಮೈಯೆಲ್ಲ ಉರಿದು ಅವಳು ಕಲ್ಯಾಣ ಕಚೇರಿಯ ಅಧಿಕಾರಿ ಪ್ರೇಮಾನಂದರ ಎದುರು ಹೋಗಿ ನಿಂತಳು.

"ಸಾರ್, ನಾನ್ ತೊಟ್ಟಿ ಒಳ್ಗ್ ಕಂಡ್ಕಂಡೇ ಬಂದೆ. ಅದ್ ಸತ್ತ್ ನಾರ್ತಾ ಇತ್ತ್. ಇನ್ನ್ ಐಸ್ ನಮ್ಗ್ ಕೊಡಿ."

"ಅಲುಗಾಡದಿರುವುದು ಅದರ ಸ್ವಭಾವ," ಎಂದರು ಪ್ರೇಮಾನಂದ, ಕುರ್ಚಿಯಲ್ಲಿ ಅಲುಗಾಡದೆ.

"ಕರುಳೆಲ್ಲ ಹೊರ್ಗ್ ಬಿದ್ದಿತ್ತ್, ಸಾರ್."

"ಹೆದರಿದರೆ ಕರುಳು ಕಕ್ಕುತ್ತದೆ, ಮತ್ತೆ ಹೊಸದು ಬೆಳೆಯುತ್ತದೆ. ಇಣುಕಿ ಹೆದರಿಸಿದವರು ನೀವೇ. ಕ್ಷಮಾಪಣೆ ಬರೆದುಕೊಟ್ಟು ಹೋಗಿ."

ವನಜ ಸಹಿ ಹಾಕಿ ಬಂದಳು. ಮುಂದಿನ ವಾರ ಧ್ವನಿವರ್ಧಕ ಕಟ್ಟಿದ ರಿಕ್ಷಾ ಬಂದರು ತುಂಬ ಸುತ್ತಿತು:

"ಸಾರ್ವಜನಿಕರ ಗಮನಕ್ಕೆ. ಧ್ರುವಜೀವಿಯು ನೆಲೆಸಿರುವ ಕಾರಣ ಈ ಬಂದರನ್ನು ಧ್ರುವಪ್ರದೇಶವೆಂದು ಘೋಷಿಸಲಾಗಿದೆ. ಉಣ್ಣೆಯಂಗಿ ಧರಿಸದವರಿಗೆ ಪ್ರವೇಶವಿಲ್ಲ. ಧ್ರುವಪ್ರದೇಶದಲ್ಲಿ ಐಸಿನ ಅಗತ್ಯವಿಲ್ಲದಿರುವುದರಿಂದ ಐಸ್ ಪ್ಲಾಂಟನ್ನು ಮುಚ್ಚತಕ್ಕದ್ದು. ಇಲ್ಲಿ ಮೀನು ಕೆಡುವುದಿಲ್ಲ. ಕೆಟ್ಟಿದೆ ಎಂದವರ ಮೇಲೆ ಕ್ರಮ ಜರುಗಿಸಲಾಗುವುದು."

ಸ್ವೆಟರಿನೊಳಗೆ ಬೇಯುತ್ತ ಕೂತ ವನಜಳ ಮುಂದೆ ಅವಳ ಖಾಯಂ ಗಿರಾಕಿ ಚೆನ್ನಯ್ಯ ಬಂದು ನಿಂತ. ಅವನೂ ಮಫ್ಲರ್ ಸುತ್ತಿಕೊಂಡಿದ್ದ. ಮೀನಿನ ನಾತಕ್ಕೆ ನೊಣಗಳೂ ಹಿಂದೆಮುಂದೆ ನೋಡುತ್ತಿದ್ದವು.

"ಬ್ಯಾಡ ಚೆನ್ನಯ್ಯಣ್ಣ," ಅವಳು ತಗ್ಗಿದ ದನಿಯಲ್ಲಿ ಹೇಳಿದಳು. "ಮಕ್ಕಳ್ ತಿಂಬ ಮೀನಲ್ಲ. ಹಾಳಾಯಿತ್ತ್."

ಚೆನ್ನಯ್ಯ ಆಚೀಚೆ ನೋಡಿದ. "ಮೆಲ್ಲ ಮಾತಾಡ್ ಮಾರಾಯ್ತಿ. ಇಲ್ಲಿ ಮೀನ್ ಹಾಳಾತಿಲ್ಲ ಅಂದ್ರಲ್ದಾ? ಒಂದ್ ಡಜನ್ ಹಾಕ್."

ವನಜಳಿಗೆ ನಾಚಿಕೆಯಾಯಿತು. ಆದರೂ ಕಟ್ಟಿಕೊಟ್ಟಳು. ಅವನು ಮೂಗು ಮುಚ್ಚಿಕೊಂಡು, ಹೊಸ ಮೀನಿಗೆ ಕೊಡುವ ದುಡ್ಡನ್ನೇ ಕೊಟ್ಟು ಹೋದ. ಹತ್ತು ದಿನ ಕಳೆಯುವಷ್ಟರಲ್ಲಿ ಅವಳ ನಾಚಿಕೆಯೂ ಹೋಯಿತು.

"ಹ್ವಾಯ್, ಬನ್ನಿ," ಎಂದು ಅವಳೇ ದಾರಿಯವರನ್ನು ಕರೆಯುತ್ತಿದ್ದಳು, "ಈಗ ಹಿಡ್ದ್ ತಂದ ಮೀನ್."